ಕೌಂಟ್ ಚೆನ್ನಾಗಿದೆ ಅಂತ ಖುಷಿಪಟ್ಟಿದ್ದೆ

ಲುಕೇಮಿಯಾಗೆ, ಅಂದರೆ ರಕ್ತದ ಕ್ಯಾನ್ಸರಿಗೆ, ಮಾತ್ರೆ ನುಂಗುತ್ತಿರುವ ಮಗು ನಿಮ್ಮ ಮನೆಯಲ್ಲಿದ್ದರೆ, ಅದರಲ್ಲೂ ಹನ್ನೆರಡು ದಾಟಿದ್ದರೆ, ಇದನ್ನು ಓದಿ. ನಾನು ಎರಡು ತಪ್ಪು ಮಾಡಿದೆ. ಮೊದಲನೆಯದು ಎಲ್ಲರೂ ಮಾಡುವಂಥದ್ದು. ಎರಡನೆಯದಕ್ಕೆ ಮಗನ ಜೀವವೇ ಹೋಗುತ್ತಿತ್ತು.

ನಾವು ಶಿಡ್ಲಘಟ್ಟ ತಾಲ್ಲೂಕಿನವರು. ಒಂದೂವರೆ ಎಕರೆ ಹಿಪ್ಪುನೇರಳೆ, ಮನೆ ಪಕ್ಕದಲ್ಲೇ ರೇಷ್ಮೆ ಹುಳು ಮನೆ. ಮಗ ಏಳನೇ ಕ್ಲಾಸಿನಲ್ಲಿದ್ದಾಗ ಎಎಲ್‌ಎಲ್ ಅನ್ನುವ ಲುಕೇಮಿಯಾ ಅಂತ ಗೊತ್ತಾಯಿತು. ಬೆಂಗಳೂರಿನ ಆಸ್ಪತ್ರೆ, ಡ್ರಿಪ್ಪು, ಬೆನ್ನಿಗೆ ಇಂಜೆಕ್ಷನ್, ಕೂದಲು ಉದುರಿದ್ದು, ಅದೆಲ್ಲ ಆ ದಾರಿಯಲ್ಲಿ ಹೋದವರಿಗೆ ಗೊತ್ತೇ ಇದೆ, ಇಲ್ಲಿ ಬರೆಯಲ್ಲ. ಆಮೇಲೆ ಮೆಂಟೇನೆನ್ಸ್, ಅಂದರೆ ಕಾಯಿಲೆ ಮರಳದ ಹಾಗೆ ನೋಡಿಕೊಳ್ಳುವ ಹಂತ. ಸುಮಾರು ಎರಡು ವರ್ಷ ಮನೆಯಲ್ಲೇ ಮಾತ್ರೆ. ದಿನಾ ರಾತ್ರಿ 6-ಎಂಪಿ, ಪೂರ್ತಿ ಹೆಸರು ಮರ್ಕ್ಯಾಪ್ಟೊಪ್ಯೂರಿನ್, 50 ಮಿಲಿಗ್ರಾಂನದು ಒಂದೂವರೆ. ಮಂಗಳವಾರ ಮಾತ್ರ ಮೆಥೋಟ್ರೆಕ್ಸೇಟ್ ಅನ್ನುವ ಇನ್ನೊಂದು ಮಾತ್ರೆ. (ವಾರಕ್ಕೊಮ್ಮೆಯ ಈ ಮಾತ್ರೆಯನ್ನು ಅಪ್ಪಿತಪ್ಪಿಯೂ ದಿನಾ ಕೊಡಬೇಡಿ, ಪ್ರಾಣಕ್ಕೇ ಬರುತ್ತದೆ.) ತಿಂಗಳಿಗೊಂದು ಇಂಜೆಕ್ಷನ್, ಜೊತೆಗೆ ಐದು ದಿನ ಸ್ಟಿರಾಯ್ಡ್. ಕೂದಲು ಬಂತು, ಶಾಲೆಗೆ ಹೋದ, ಗೆದ್ದೆವು ಅಂದುಕೊಂಡೆವು.

"ಮಾತ್ರೆ ತಗೊಂಡ್ಯೇನೋ?" ದಿನಾ ರಾತ್ರಿ ಕೇಳುತ್ತಿದ್ದೆ, ಹುಳು ಮನೆಯಿಂದಲೇ ಕೂಗಿ. "ಹೂಂ ಅಪ್ಪಾ" ಅನ್ನುತ್ತಿದ್ದ. ಅಷ್ಟೇ ನನ್ನ ಲೆಕ್ಕ.

ಎರಡು ವಾರಕ್ಕೊಮ್ಮೆ ಚಿಕ್ಕಬಳ್ಳಾಪುರದಲ್ಲಿ ರಕ್ತ ಕೊಟ್ಟು, ರಿಪೋರ್ಟ್ ಫೋಟೋ ವಾಟ್ಸಾಪ್‌ನಲ್ಲಿ ಆಸ್ಪತ್ರೆಗೆ ಕಳಿಸುತ್ತಿದ್ದೆವು. ಅದರಲ್ಲಿ ಎಎನ್‌ಸಿ ಅಂತ ಒಂದು ಲೆಕ್ಕ ಇರುತ್ತದೆ, ಸೋಂಕು ತಡೆಯುವ ಬಿಳಿ ರಕ್ತಕಣಗಳದ್ದು. ಅದು 3,800 ಬಂತು, ಮುಂದಿನ ಸಲ 4,100. ನಾನು ಖುಷಿಯಲ್ಲಿ ಅಣ್ಣನಿಗೆಲ್ಲ ಫೋನ್ ಮಾಡಿ ಹೇಳಿದೆ. ನಿಜವಾಗಿ ಅವತ್ತೇ ಅನುಮಾನ ಬರಬೇಕಿತ್ತು. ಮೆಂಟೇನೆನ್ಸ್‌ನಲ್ಲಿ ಈ ಕೌಂಟನ್ನು ಬೇಕಂತಲೇ ತಗ್ಗಿಸಿ ಇಡುತ್ತಾರೆ, ಹೆಚ್ಚುಕಮ್ಮಿ 500ರಿಂದ 1,500ರ ಒಳಗೆ. ಮಾತ್ರೆ ಕೆಲಸ ಮಾಡುತ್ತಿದೆ ಅನ್ನುವುದಕ್ಕೆ ಅದೇ ಗುರುತು. ಸುಮ್ನೆ ಮೇಲೇ ನಿಂತಿದೆ ಅಂದರೆ ಒಂದೋ ಡೋಸ್ ಸಾಲುತ್ತಿಲ್ಲ, ಇಲ್ಲಾ ಮಾತ್ರೆ ಹೊಟ್ಟೆಗೇ ಹೋಗುತ್ತಿಲ್ಲ. ಡಾಕ್ಟರ್ ಮೇಡಂ ಕೇಳಿದರು, ದಿನಾ ತಗೊಳ್ತಾನಾ ಅಂತ. "ಒಂದು ದಿನಾನೂ ತಪ್ಪಿಸಿಲ್ಲ ಮೇಡಂ" ಅಂದೆ, ಎದೆ ಉಬ್ಬಿಸಿಕೊಂಡು. ಅವರು ಒಂದೂವರೆ ಇದ್ದದ್ದನ್ನು ಎರಡು ಮಾಡಿದರು.

ಬೆಳೆ ಮುಗಿದ ಮೇಲೆ ಬ್ಲೀಚಿಂಗ್ ಪೌಡರ್ ಹಾಕಿ ಹುಳು ಮನೆ ತೊಳೆಯುವುದು ಇರುತ್ತದಲ್ಲ, ಅವತ್ತು ಗೋಡೆಗೆ ಒರಗಿಸಿದ್ದ ಚಂದ್ರಿಕೆಗಳನ್ನು (ಹುಳು ಗೂಡು ಕಟ್ಟುವ ತಟ್ಟೆಗಳು) ಹೊರಗೆ ಎಳೆಯುತ್ತಿದ್ದೆ. ಹಿಂದೆ ಅವನ ಹಳೇ ಕಂಪಾಸ್ ಬಾಕ್ಸ್ ಸಿಕ್ಕಿತು. ತುಕ್ಕು ಹಿಡಿದು ಮುಚ್ಚಳ ಬಿಗಿದಿತ್ತು, ಕುಡುಗೋಲಿನ ತುದಿಯಿಂದ ಮೀಟಿದೆ. ಒಳಗೆ ಮಾಸಲು ಹಳದಿ ಮಾತ್ರೆಗಳು, ತೇವಕ್ಕೆ ಉಬ್ಬಿ ಒಂದಕ್ಕೊಂದು ಅಂಟಿಕೊಂಡು, ಕೆಲವು ಪುಡಿಯಾಗಿ ಕೋನಮಾಪಕಕ್ಕೆ ಮೆತ್ತಿಕೊಂಡಿದ್ದವು. ಅಲ್ಲೇ ಕೂತು ಎಣಿಸಿದೆ. ಇಡೀ ಮಾತ್ರೆ 38, ಅರ್ಧ 22. ಒಂದೂವರೆ ಇದ್ದಾಗಿನ 22 ರಾತ್ರಿ, ಎರಡು ಆದ ಮೇಲಿನ 8 ರಾತ್ರಿ. ಮೂರು ತಿಂಗಳಲ್ಲಿ 30 ರಾತ್ರಿ. ಹುಳುವಿಗೆ ಆಗಿಬರಲ್ಲ ಅಂತ ಆ ಮನೆಯೊಳಗೆ ಒಂದು ಊದುಬತ್ತಿಯನ್ನೂ ಹಚ್ಚದವನು ನಾನು, ಅಲ್ಲೇ ಮೂರು ತಿಂಗಳಿಂದ ಕ್ಯಾನ್ಸರ್ ಮಾತ್ರೆ ಬಿದ್ದಿತ್ತು.

ಅವನಿಗೆ ಹೊಡೆದೆ. ಬರೆಯಬಾರದು ಅನಿಸುತ್ತದೆ, ಆದರೂ ಹೊಡೆದದ್ದು ನಿಜ.

ಇನ್ನು ಎರಡನೇ ತಪ್ಪು. ಆಸ್ಪತ್ರೆಗೆ ಹೇಳಲಿಲ್ಲ. ನಾಚಿಕೆ. ಒಂದು ದಿನಾನೂ ತಪ್ಪಿಸಿಲ್ಲ ಅಂದ ಬಾಯಲ್ಲಿ ಈಗ ಏನು ಹೇಳುವುದು? ಬೈಯುತ್ತಾರೆ, ಉಚಿತ ಚಿಕಿತ್ಸೆ ನಿಲ್ಲಿಸಿಬಿಡುತ್ತಾರೆ ಅಂತೆಲ್ಲ ಹೆಂಡತಿಯೂ ನಾನೂ ನಮ್ಮಷ್ಟಕ್ಕೆ ನಾವೇ ಹೆದರಿಕೊಂಡು, ಇನ್ಮೇಲೆ ಸರಿಯಾಗಿ ಕೊಟ್ಟರಾಯಿತು ಬಿಡು ಅಂತ ತೀರ್ಮಾನ ಮಾಡಿದೆವು. ರಾತ್ರಿ ಎದುರಿಗೆ ಕೂರಿಸಿಕೊಂಡು ಎರಡೂ ಮಾತ್ರೆ ನುಂಗಿಸಿ, ಬಾಯಿ ತೆರೆಸಿ, ನಾಲಿಗೆ ಎತ್ತಿಸಿ ನೋಡುತ್ತಿದ್ದೆ.

ಆ ಎರಡು ಮಾತ್ರೆಯ ಡೋಸ್ ನಮ್ಮ ಸುಳ್ಳಿನ ಮೇಲೆ ನಿಂತಿತ್ತು. ದಿನಾ ಒಂದೂವರೆ ನುಂಗಿಯೂ ಕೌಂಟ್ ಇಳಿಯದ ಹುಡುಗನಿಗೆ ಅಂತ ಬರೆದದ್ದು ಅದು. ನನ್ನ ಮಗ ಅಷ್ಟು ನುಂಗಿಯೇ ಇರಲಿಲ್ಲ. ನನ್ನ ತಲೆಗೆ ಇದು ಹೊಳೆಯಲೇ ಇಲ್ಲ.

ಚಾಕಿ ಹುಳು (ಮರಿ ಹುಳು) ತಂದು, ಅವು ನಾಲ್ಕನೇ ಜ್ವರ (ಪೊರೆ ಬಿಡುವ ಹಂತ) ಎದ್ದು, ಹಗಲು ರಾತ್ರಿ ಸೊಪ್ಪು ಹಾಕುವ ಕಾಲ ಬಂತು. ಆ ವಾರದ ರಕ್ತಪರೀಕ್ಷೆಯನ್ನು ಮುಂದಿನ ವಾರ ಮಾಡಿಸಿದರಾಯಿತು ಅಂತ ಬಿಟ್ಟೆ. ಒಂದು ಸಂಜೆ ಮಗ ಮೈ ಬಿಸಿ ಅಂದ. 101. ಪ್ಯಾರಾಸಿಟಮಾಲ್ ಕೊಟ್ಟು ಸೊಪ್ಪು ಹಾಕಲು ಹೋದೆ. ಹನ್ನೊಂದು ಗಂಟೆಗೆ ಹೆಂಡತಿ ಕೂಗಿದಳು, ಹುಡುಗ ಗಡಗಡ ನಡುಗುತ್ತಿದ್ದ. ಪಕ್ಕದ ಮನೆಯವರ ಕಾರಿನಲ್ಲಿ ವಿಜಯಪುರ, ದೇವನಹಳ್ಳಿ ದಾಟಿ ಆಸ್ಪತ್ರೆ ಸೇರುವಾಗ ರಾತ್ರಿ ಒಂದು ಗಂಟೆ. ಎಎನ್‌ಸಿ 140. ಕೌಂಟ್ ಬಿದ್ದಿರುವಾಗ 100.4 ದಾಟಿದ ಜ್ವರ ಅಂದರೆ ಕಾಯುವ ಮಾತೇ ಇಲ್ಲವಂತೆ, ತಕ್ಷಣ ಆಂಟಿಬಯೋಟಿಕ್ ಡ್ರಿಪ್ ಏರಿಸಬೇಕು. ನಾನು ಐದು ಗಂಟೆ ಕಳೆದಿದ್ದೆ. ಒಂಬತ್ತು ದಿನ ಅಡ್ಮಿಟ್ ಆಗಿದ್ದ. ಆ ಬೆಳೆ ಹೋಯಿತು, ಹೋಗಲಿ.

ಮೂರನೇ ದಿನ ಕಂಪಾಸ್ ಬಾಕ್ಸ್ ವಿಷಯ ಹೇಳಿದೆ. ಮೇಡಂ ಬೈಯಲಿಲ್ಲ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಸಿಕ್ಕಿದ ದಿನವೇ ಒಂದು ಮೆಸೇಜ್ ಹಾಕಿದ್ದರೆ ಡೋಸ್ ಕಮ್ಮಿ ಮಾಡುತ್ತಿದ್ದೆ" ಅಂದರು. ಒಬ್ಬೊಬ್ಬರ ಮೈ ಈ ಮಾತ್ರೆಯನ್ನು ಒಂದೊಂದು ಥರ ತಡೆದುಕೊಳ್ಳುತ್ತದಂತೆ. ಎನ್‌ಯುಡಿಟಿ15 ಅನ್ನುವ ಜೀನ್‌ನಲ್ಲಿ ವ್ಯತ್ಯಾಸ ಇದ್ದರೆ ಸಣ್ಣ ಡೋಸೇ ಜಾಸ್ತಿಯಾಗುತ್ತದೆ, ಅಂಥ ಮಕ್ಕಳು ನಮ್ಮ ದೇಶದಲ್ಲೂ ಇದ್ದಾರೆ. ಅದಕ್ಕೇ ಕೌಂಟ್ ನೋಡಿ ನೋಡಿ ಡೋಸ್ ಕೂರಿಸುವುದು, ನಾವು ಕೊಡುವ ಲೆಕ್ಕ ಸುಳ್ಳಾದರೆ ಅವರು ಕೂರಿಸುವ ಡೋಸೂ ಸುಳ್ಳು. ಇನ್ನೊಂದು ಮಾತಿಗೆ ನನ್ನ ಜಂಘಾಬಲವೇ ಉಡುಗಿತು. ಅಮೆರಿಕದಲ್ಲಿ ಮಕ್ಕಳ ಮಾತ್ರೆ ಬಾಟಲಿಗೆ, ಪ್ರತಿ ಸಲ ತೆರೆದದ್ದನ್ನು ಗುರುತು ಹಾಕಿಕೊಳ್ಳುವ ಮುಚ್ಚಳ ಹಾಕಿ ನೋಡಿದ್ದಾರೆ. 6-ಎಂಪಿಯನ್ನು ಶೇ 95ಕ್ಕಿಂತ ಕಮ್ಮಿ ತಗೊಂಡವರಲ್ಲಿ ಕಾಯಿಲೆ ಮರಳುವ ಅಪಾಯ ಎರಡು ಪಟ್ಟಿಗಿಂತ ಜಾಸ್ತಿ. ಶೇ 95 ಅಂದರೆ ಏನು ಗೊತ್ತಾ? ತಿಂಗಳಲ್ಲಿ ಎರಡು ರಾತ್ರಿ ತಪ್ಪಿದರೂ ಅದರ ಕೆಳಗೆ ಬಂದಿರಿ. ತಪ್ಪಿಸುವುದರಲ್ಲಿ ಹನ್ನೆರಡು ದಾಟಿದವರೇ ಮುಂದಂತೆ.

ಯಾಕೋ ಬಿಟ್ಟೆ ಅಂತ ನಾನು ಕೇಳಿದಾಗ ಬಾಯಿ ಬಿಡದವನು, ಮೇಡಂ ನಮ್ಮನ್ನು ಹೊರಗೆ ಕಳಿಸಿ ಕೇಳಿದಾಗ ಹೇಳಿದ. ಮುಖ ಊದಿದ್ದಕ್ಕೆ ಕ್ಲಾಸಿನಲ್ಲಿ ಬೋಂಡ ಅನ್ನುತ್ತಿದ್ದರು. ಮುಖ ಊದಿಸುವುದು ಸ್ಟಿರಾಯ್ಡ್, ಇವನು ಬಿಟ್ಟದ್ದು 6-ಎಂಪಿ! ಯಾವ ಮಾತ್ರೆ ಏನು ಮಾಡುತ್ತದೆ ಅಂತ ಯಾರೂ ಬಿಡಿಸಿ ಹೇಳಿರಲಿಲ್ಲ. ಅದಕ್ಕಿಂತ ದೊಡ್ಡದು ಇನ್ನೊಂದು. ಕ್ಯಾನ್ಸರ್ ಅನ್ನುವ ಪದವನ್ನೇ ನಾವು ಅವನ ಮುಂದೆ ಆಡಿರಲಿಲ್ಲ. ರಕ್ತ ಕಮ್ಮಿ ಇದೆ ಕಣೋ ಅಂತ ಹೇಳಿಕೊಂಡು ಬಂದಿದ್ದೆವು. ರಿಪೋರ್ಟಿನಲ್ಲಿ ಹಿಮೋಗ್ಲೋಬಿನ್ 12 ಅಂತ ಅವನೇ ಓದಿಕೊಂಡ. ರಕ್ತ ಸರಿಹೋಗಿದೆಯಲ್ಲ, ಮತ್ತ್ಯಾಕೆ ಮಾತ್ರೆ ಅಂದುಕೊಂಡ. ಅವನ ಜಾಗದಲ್ಲಿ ನಾನಿದ್ದರೂ ಬಿಡುತ್ತಿದ್ದೆ.

ನಿದ್ದೆಯದೂ ಒಂದು ಪಾಲಿದೆ. ಊಟವಾಗಿ ಎರಡು ಗಂಟೆ ಬಿಟ್ಟು, ಹಾಲು ಮುಟ್ಟದೆ ಕೊಡಬೇಕು ಅಂತ ಯಾರೋ ಹೇಳಿದ್ದನ್ನು ನಾವು ವ್ರತದ ಹಾಗೆ ಹಿಡಿದಿದ್ದೆವು. ಹುಳು ಜೋರಾಗಿ ಮೇಯುವ ದಿನಗಳಲ್ಲಿ ನಮ್ಮ ಊಟವೇ ಹತ್ತೂವರೆಗೆ. ಅಷ್ಟೊತ್ತಿಗೆ ಹುಡುಗ ಮಲಗಿರುತ್ತಿದ್ದ. ಹಾಲಿನ ಜೊತೆ, ಊಟದ ಜೊತೆ ತಗೊಂಡರೂ ಕಾಯಿಲೆ ಮರಳುವುದರಲ್ಲಿ ವ್ಯತ್ಯಾಸ ಕಾಣಲಿಲ್ಲ ಅಂತ 2017ರಲ್ಲೇ ಸಂಶೋಧನೆ ಬಂದಿದೆ. ನಿಮ್ಮ ಡಾಕ್ಟರನ್ನು ಕೇಳಿ ನಿಮಗೆ ಕೈಗೂಡುವ ಹೊತ್ತು ಗೊತ್ತು ಮಾಡಿಕೊಳ್ಳಿ.

ಈಗ ಎಂಟು ಗಂಟೆಗೆ, ಊಟಕ್ಕೆ ಕೂತಾಗಲೇ. ಗೂಡಿನ ವ್ಯಾಪಾರಿ ಕೊಟ್ಟ ಕ್ಯಾಲೆಂಡರಿನಲ್ಲಿ ಅವನೇ ಟಿಕ್ ಹಾಕುತ್ತಾನೆ, ನಾಲಿಗೆ ಎತ್ತಿಸುವುದು ನಿಲ್ಲಿಸಿದ್ದೇನೆ. ಚೆಕಪ್‌ಗೆ ಹೋಗುವ ಹಿಂದಿನ ದಿನ ಇಬ್ಬರೂ ಕೂತು ಉಳಿದ ಮಾತ್ರೆ ಎಣಿಸುತ್ತೇವೆ. ಒಂದು ರಾತ್ರಿ ತಪ್ಪಿದರೆ ಮರುದಿನ ಎರಡು ದಿನದ್ದು ಸೇರಿಸಿ ಕೊಡಲ್ಲ, ಎಕ್ಸ್ ಗುರುತು ಹಾಕಿ ಅದರ ಫೋಟೋ ಮೇಡಂಗೆ ಕಳಿಸುತ್ತೇವೆ. ಕ್ಯಾನ್ಸರ್ ಅಂತ ಅವನಿಗೆ ಅವರೇ ಹೇಳಿದರು. ಅತ್ತ. ಸಂಜೆ ದೋಸೆ ಕೇಳಿದ.

ಇದನ್ನು ಹಾಕುವ ಮುಂಚೆ ಅವನಿಗೇ ಓದಲು ಕೊಟ್ಟೆ. ಹೊಡೆದದ್ದನ್ನು ತೆಗೆಯಬೇಡ ಅಂದ. ಆಮೇಲೆ, "ಅಪ್ಪಾ, ಲೆಕ್ಕ ತಪ್ಪಿದೆ, ಬಚ್ಚಲಿಗೆ ಹಾಕಿದ್ದು ಸೇರಿಸಿಲ್ಲ" ಅಂದ. ಎಷ್ಟೋ ಅಂದೆ. ನೆನಪಿಲ್ಲವಂತೆ. ಗುರುವಾರ ಚೆಕಪ್ ಇದೆ, ಅದನ್ನೂ ಹೇಳಬೇಕು.