9ನೇ ತಾರೀಕಿನ ಉಚಿತ ತಪಾಸಣೆ: ಐದನೇ ತಿಂಗಳಿಂದ ಹೆರಿಗೆವರೆಗೆ ಏನು ಸಿಗುತ್ತದೆ, ಏನು ಕೇಳಿ ಪಡೆಯಬೇಕು

ಸರ್ಕಾರಿ ಆಸ್ಪತ್ರೆಗಳಲ್ಲಿ ಪ್ರತಿ ತಿಂಗಳು 9ನೇ ತಾರೀಕು ಬಸುರಿಯರಿಗೆ ಉಚಿತ ತಪಾಸಣೆ ಇರುತ್ತದೆ. 2016ರಲ್ಲಿ ಶುರುವಾದ ಪ್ರಧಾನಮಂತ್ರಿ ಸುರಕ್ಷಿತ ಮಾತೃತ್ವ ಅಭಿಯಾನ ಇದು. ನಮ್ಮೂರಲ್ಲಿ ಆ ಉದ್ದ ಹೆಸರನ್ನು ಯಾರೂ ಹೇಳುವುದಿಲ್ಲ, ಒಂಬತ್ತನೇ ತಾರೀಕಿನ ಚೆಕಪ್ ಅಂದರೆ ಎಲ್ಲರಿಗೂ ಗೊತ್ತು. ಅವತ್ತು ಭಾನುವಾರವೋ ರಜೆಯೋ ಆದರೆ ಮುಂದಿನ ಕೆಲಸದ ದಿನ ನಡೆಯುತ್ತದೆ. ನಾಲ್ಕನೇ ತಿಂಗಳಿಂದ ಮುಂದಕ್ಕೆ ಇರುವವರಿಗಾಗಿಯೇ ಮಾಡಿರುವುದು.

ಮೊದಲ ಮಗುವಿಗೆ ಖಾಸಗಿ ಕ್ಲಿನಿಕ್‌ಗೆ ಹೋಗುತ್ತಿದ್ದೆ, ಎರಡನೆಯದಕ್ಕೆ ನಮ್ಮ ತಾಲ್ಲೂಕು ಆಸ್ಪತ್ರೆಗೆ ಹೋದೆ. ಹಾಗಾಗಿ ಎರಡನ್ನೂ ಪಕ್ಕಪಕ್ಕ ಇಟ್ಟು ಹೇಳಬಲ್ಲೆ. ಇಲ್ಲಿ ತಪಾಸಣೆ ಗಟ್ಟಿ, ವಿವರಣೆ ಕಡಿಮೆ. ಯಾವ ತಿಂಗಳಲ್ಲಿ ಏನಾಗುತ್ತದೆ ಅಂತ ಸ್ವಲ್ಪ ತಿಳಿದುಕೊಂಡು ಹೋದರೆ ಮಾತ್ರ ಪೂರ್ತಿ ಪ್ರಯೋಜನ. ಅದಕ್ಕೇ ಇಷ್ಟು ಉದ್ದ ಬರೆಯುತ್ತಿದ್ದೇನೆ.

ಹೋದ ತಕ್ಷಣ ತೂಕ, ಬಿಪಿ, ಮೂತ್ರ ಪರೀಕ್ಷೆ, ಬೆರಳು ಚುಚ್ಚಿ ರಕ್ತ ಎಷ್ಟಿದೆ ಅಂತ ನೋಡುವುದು. ಆಮೇಲೆ ಡಾಕ್ಟರ್. ನನಗೆ ತುಂಬಾ ಇಷ್ಟವಾಗಿದ್ದು ಇಲ್ಲಿನ ಸಿಸ್ಟರ್ ಹೊಟ್ಟೆ ಅಳೆಯುತ್ತಿದ್ದ ರೀತಿ. ಟೈಲರ್ ಹತ್ತಿರ ಇರುವಂಥದ್ದೇ ಟೇಪು. ಕೆಳಗಿನ ಮೂಳೆಯಿಂದ ಹಿಡಿದು ಗರ್ಭಕೋಶದ ಮೇಲಿನ ಅಂಚಿನವರೆಗೆ ಇಟ್ಟು, ಬೆರಳಿಂದ ಒತ್ತಿ ಅಂಚು ಎಲ್ಲಿದೆ ಅಂತ ಹುಡುಕಿ, ಸೆಂಟಿಮೀಟರ್ ಓದುತ್ತಾರೆ. 20 ವಾರ ದಾಟಿದ ಮೇಲೆ ಎಷ್ಟು ವಾರವೋ ಹೆಚ್ಚುಕಡಿಮೆ ಅಷ್ಟೇ ಸೆಂಟಿಮೀಟರ್ ಬರಬೇಕು. ತೀರಾ ಕಡಿಮೆ ಬಂದರೆ ಮಗು ಬೆಳೆಯುತ್ತಿದೆಯಾ ಅಂತ ಸ್ಕ್ಯಾನಿಂಗ್‌ಗೆ ಬರೆಯುತ್ತಾರೆ. ನಾನು ಹೋಗುತ್ತಿದ್ದ ಖಾಸಗಿ ಕ್ಲಿನಿಕ್‌ನಲ್ಲಿ ಹೊಟ್ಟೆ ಮುಟ್ಟಿ ನೋಡಿದ್ದೇ ಅಪರೂಪ, ಎಲ್ಲಕ್ಕೂ ಸ್ಕ್ಯಾನಿಂಗ್ ಚೀಟಿ.

ಸ್ಕ್ಯಾನಿಂಗ್ ವಿಷಯಕ್ಕೆ ಬಂದರೆ ನನಗೆ ಇಲ್ಲಿ ಬೇಸರವೂ ಇದೆ. 18ರಿಂದ 20 ವಾರದ ಒಳಗೆ ಮಗುವಿನ ಹೃದಯ, ಬೆನ್ನುಮೂಳೆ, ಮೆದುಳು ಎಲ್ಲ ಸರಿಯಾಗಿದೆಯಾ ಅಂತ ನೋಡುವ ದೊಡ್ಡ ಸ್ಕ್ಯಾನಿಂಗ್ ಆಗಬೇಕು. ಆ ಹೊತ್ತಿಗೆ ಮಗು ಸುಮಾರು 300 ಗ್ರಾಂ ಇರುತ್ತದೆ. ನನ್ನ ಸರದಿ ಬಂದಾಗ ಸ್ಕ್ಯಾನಿಂಗ್ ಡಾಕ್ಟರ್ ಇಲ್ಲ, ಮುಂದಿನ ತಿಂಗಳು ಬನ್ನಿ ಅಂದರು. ಇದು ಮುಂದಕ್ಕೆ ಹಾಕುವ ಸ್ಕ್ಯಾನಿಂಗ್ ಅಲ್ಲ. ಹೊರಗೆ ದುಡ್ಡು ಕೊಟ್ಟು ಮಾಡಿಸಿದೆ. ಐದನೇ ತಿಂಗಳು ಬೀಳುವ ಮೊದಲೇ ಆಶಾ ಅಕ್ಕನ ಹತ್ತಿರ ಕೇಳಿ, ಸ್ಕ್ಯಾನಿಂಗ್ ಯಾವತ್ತು ಮಾಡುತ್ತಾರೆ ಅಂತ ತಿಳಿದುಕೊಳ್ಳಿ. ಗಂಡೋ ಹೆಣ್ಣೋ ಅಂತ ಮಾತ್ರ ಎಲ್ಲೂ ಕೇಳಬೇಡಿ, 1994ರ ಕಾನೂನಿನ ಪ್ರಕಾರ ಹೇಳುವುದೂ ತಪ್ಪು, ಕೇಳುವುದೂ ತಪ್ಪು.

24ರಿಂದ 28 ವಾರದ ನಡುವೆ ಸಕ್ಕರೆ ಪರೀಕ್ಷೆ. 75 ಗ್ರಾಂ ಗ್ಲೂಕೋಸ್ ನೀರಿಗೆ ಹಾಕಿ ಕುಡಿಸುತ್ತಾರೆ. ಬಾಯೆಲ್ಲ ಅಂಟು, ಕೆಲವರಿಗೆ ವಾಂತಿ ಬಂದಂತಾಗುತ್ತದೆ, ನಿಧಾನಕ್ಕೆ ಕುಡಿಯಿರಿ. ಎರಡು ಗಂಟೆ ಬಿಟ್ಟು ರಕ್ತ ತೆಗೆದಾಗ 140 ಅಥವಾ ಅದಕ್ಕಿಂತ ಜಾಸ್ತಿ ಬಂದರೆ ಬಸುರಿನ ಸಕ್ಕರೆ ಕಾಯಿಲೆ ಅಂತ ಲೆಕ್ಕ. ಊಟ ಮಾಡಿ ಬಂದಿದ್ದರೂ ಈ ಪರೀಕ್ಷೆ ಮಾಡಬಹುದು, ಹಾಗಾಗಿ ದೂರದ ಹಳ್ಳಿಯಿಂದ ಬಸ್ಸಿನಲ್ಲಿ ಬರುವವರು ಖಾಲಿ ಹೊಟ್ಟೆಯಲ್ಲಿ ಒದ್ದಾಡಬೇಕಿಲ್ಲ. ನನಗೆ ಇದು ದೊಡ್ಡ ಸಮಾಧಾನ ಅನ್ನಿಸಿತು.

ಮಾತ್ರೆಗಳು ಪೂರ್ತಿ ಉಚಿತ. ಕಬ್ಬಿಣದ ಮಾತ್ರೆ ದಿನಕ್ಕೊಂದು, ಕ್ಯಾಲ್ಸಿಯಂ ದಿನಕ್ಕೆರಡು. ಆದರೆ ಹೇಗೆ ತಗೋಬೇಕು ಅಂತ ಯಾರೂ ಬಿಡಿಸಿ ಹೇಳುವುದಿಲ್ಲ, ಕವರಿಗೆ ಹಾಕಿ ಕೊಡುತ್ತಾರೆ ಅಷ್ಟೆ. ಎರಡನ್ನೂ ಒಟ್ಟಿಗೆ ನುಂಗಿದರೆ ಕಬ್ಬಿಣ ಮೈಗೆ ಹತ್ತುವುದಿಲ್ಲ, ನಡುವೆ ಎರಡು ಗಂಟೆಯಾದರೂ ಬಿಡಬೇಕು. ಕಾಫಿ, ಟೀ ಜೊತೆಗೂ ಬೇಡ. ನಿಂಬೆಹಣ್ಣಿನ ಪಾನಕದ ಜೊತೆ ತಗೊಂಡರೆ ಒಳ್ಳೆಯದು. ಮಲ ಕಪ್ಪಗಾಗುತ್ತದೆ, ಅದಕ್ಕೆ ಹೆದರಿ ಮಾತ್ರೆ ನಿಲ್ಲಿಸಿದವರನ್ನು ನಾನೇ ನೋಡಿದ್ದೇನೆ. ಹಿಮೋಗ್ಲೋಬಿನ್ 11ಕ್ಕಿಂತ ಕಡಿಮೆ ಇದ್ದರೆ ರಕ್ತಹೀನತೆ, 7ಕ್ಕಿಂತ ಕೆಳಗಿದ್ದರೆ ಆಸ್ಪತ್ರೆಯಲ್ಲೇ ಇಟ್ಟುಕೊಂಡು ನೋಡುತ್ತಾರೆ. ಹೆರಿಗೆಯಲ್ಲಿ ರಕ್ತ ಹೋದಾಗ ತಡೆದುಕೊಳ್ಳುವ ಶಕ್ತಿ ಇದರಿಂದಲೇ ಬರಬೇಕು. ಅಂಗನವಾಡಿಯ ಮಾತೃಪೂರ್ಣ ಊಟವನ್ನೂ ಬಿಡಬೇಡಿ. ಅನ್ನ, ಸಾಂಬಾರು, ಮೊಟ್ಟೆ, ಹಾಲು, ಕಡಲೆಬೀಜದ ಚಿಕ್ಕಿ ಕೊಡುತ್ತಾರೆ.

ಇನ್ನು ಮಗುವಿನ ಚಲನೆ. ಚೊಚ್ಚಲು ಬಸುರಿಗೆ ಸಾಮಾನ್ಯವಾಗಿ 18ರಿಂದ 20 ವಾರಕ್ಕೆ ಗೊತ್ತಾಗುತ್ತದೆ, ಎರಡನೆಯದಾದರೆ ಸ್ವಲ್ಪ ಮುಂಚೆಯೇ. 28 ವಾರಕ್ಕೆ ಮಗು ಹತ್ತಿರಹತ್ತಿರ ಒಂದು ಕೆಜಿ ಇರುತ್ತದೆ, ಕಣ್ಣು ತೆರೆಯುತ್ತದೆ, ಹೊರಗಿನ ಸದ್ದಿಗೆ ಬೆಚ್ಚುತ್ತದೆ. ಅಲ್ಲಿಂದ ಮುಂದೆ ದಿನವೂ ಊಟವಾದ ಮೇಲೆ ಎಡಕ್ಕೆ ಮಲಗಿ ಗಮನಿಸಿ. ಎರಡು ಗಂಟೆಯಲ್ಲಿ 10 ಸಲ ಅಲುಗಾಡಬೇಕು. ಕಡಿಮೆ ಅನ್ನಿಸಿದರೆ ಮುಂದಿನ 9ನೇ ತಾರೀಕಿಗೆ ಕಾಯಬೇಡಿ, ಅವತ್ತೇ ಹೋಗಿ, ರಾತ್ರಿಯಾದರೂ ಹೋಗಿ. ಎಂಟು ತುಂಬಿದ ಮೇಲೆ ಮಗುವಿಗೆ ಜಾಗ ಸಾಲಲ್ಲ, ಅದಕ್ಕೆ ಸುಮ್ನೆ ಇರುತ್ತೆ ಅಂತ ಹೇಳುವವರು ಎಲ್ಲ ಊರಲ್ಲೂ ಇದ್ದಾರೆ. ಒದೆಯುವ ರೀತಿ ಬದಲಾಗಬಹುದು, ಹೊರಳಿದಂತೆ, ಒತ್ತಿದಂತೆ ಅನ್ನಿಸಬಹುದು, ಆದರೆ ಚಲನೆ ಕಡಿಮೆಯಾಗಬಾರದು. ಇದನ್ನು ತಪಾಸಣೆ ದಿನ ಎಲ್ಲರಿಗೂ ಒಂದೇ ಸಲ ಕೂರಿಸಿ ಹೇಳಿದರೆ ಐದು ನಿಮಿಷದ ಕೆಲಸ, ಅಲ್ವಾ? ನಮ್ಮಲ್ಲಿ ಹೇಳಲಿಲ್ಲ. ಈ ಸೇವೆಯಲ್ಲಿ ನನಗೆ ಕಂಡ ಅತಿ ದೊಡ್ಡ ಕೊರತೆ ಇದೇ.

ತಾಯಿ ಕಾರ್ಡ್ ಮೇಲೆ ಸ್ಟಿಕ್ಕರ್ ಹಚ್ಚುತ್ತಾರೆ. ಹಸಿರು ಅಂದರೆ ತೊಂದರೆ ಇಲ್ಲ, ಕೆಂಪು ಅಂದರೆ ಹೆಚ್ಚು ಗಮನ ಬೇಕು. ನನ್ನ ಪಕ್ಕ ಕೂತಿದ್ದ ಹುಡುಗಿಗೆ ಕೆಂಪು ಬಂತು, ಬಿಪಿ 140/90 ದಾಟಿತ್ತು, ಅವಳು ಅಳುತ್ತಿದ್ದಳು. ಆದರೆ ಡಾಕ್ಟರ್ ಅವಳನ್ನೇ ಮೊದಲು ಕರೆದು, ಜಿಲ್ಲಾಸ್ಪತ್ರೆಗೆ ಬರೆದುಕೊಟ್ಟು, ಆಶಾ ಅಕ್ಕನಿಗೆ ಜವಾಬ್ದಾರಿ ಒಪ್ಪಿಸಿದರು. ಕೆಂಪು ಸ್ಟಿಕ್ಕರ್ ಇದ್ದವರನ್ನು ನಿಜಕ್ಕೂ ಚೆನ್ನಾಗಿ ನೋಡಿಕೊಳ್ಳುತ್ತಾರೆ. ಸಂಜೆ ಹೊತ್ತು ಕಾಲು ಊದುವುದು ಸಾಮಾನ್ಯ. ಆದರೆ ಮುಖ, ಬೆರಳು ಊದಿ, ತಲೆನೋವು ಬಿಡದೆ, ಕಣ್ಣು ಮಂಜಾದರೆ ಅದು ಬಿಪಿ ಲಕ್ಷಣ, ತಡ ಮಾಡಬೇಡಿ.

ಸೀಮಂತ ಮುಗಿಸಿ ತವರಿಗೆ ಹೋಗುವವರು ತಾಯಿ ಕಾರ್ಡ್ ಮತ್ತು ಸ್ಕ್ಯಾನಿಂಗ್ ರಿಪೋರ್ಟ್ ತಪ್ಪದೆ ಒಯ್ಯಿರಿ. ಅಲ್ಲಿನ ಸರ್ಕಾರಿ ಆಸ್ಪತ್ರೆಯಲ್ಲೂ ಅದೇ ಕಾರ್ಡಿನಲ್ಲಿ ಮುಂದುವರಿಸಬಹುದು. 36 ವಾರದ ಹೊತ್ತಿಗೆ ಮಗುವಿನ ತಲೆ ಕೆಳಗೆ ಬಂದಿದೆಯಾ ಅಂತ ಬಾಯಿಬಿಟ್ಟು ಕೇಳಿ. ಹೊಟ್ಟೆ ಆಗಾಗ ಗಟ್ಟಿಯಾಗಿ ಸಡಿಲವಾದರೆ ಅದು ಸುಳ್ಳು ನೋವು. ಬರಬರುತ್ತಾ ಬೇಗಬೇಗ, ಜೋರಾಗಿ ಬಂದರೆ ನಿಜವಾದದ್ದು. ನೀರು ಹೋದರೆ, ರಕ್ತ ಕಂಡರೆ ನೋವು ಇಲ್ಲದಿದ್ದರೂ 108ಕ್ಕೆ ಫೋನ್ ಮಾಡಿ, ಆಂಬುಲೆನ್ಸ್‌ಗೆ ದುಡ್ಡು ಕೊಡಬೇಕಿಲ್ಲ.

ಕೂರುವ ಜಾಗ ಸಾಲದು, ಶೌಚಾಲಯ ಸ್ವಚ್ಛ ಇರಲಿಲ್ಲ, ತುಂಬು ಬಸುರಿಯರು ನಿಂತೇ ಇದ್ದರು. ಇದನ್ನು ಆಸ್ಪತ್ರೆಯವರು ಸರಿ ಮಾಡಲೇಬೇಕು. ಆದರೂ ಐದಕ್ಕೆ ನಾಲ್ಕು ಕೊಡುತ್ತೇನೆ. ಬೆಳಿಗ್ಗೆ ಬೇಗ ಹೋಗಿ, ನೀರು, ತಿಂಡಿ ಇಟ್ಟುಕೊಳ್ಳಿ, ಜೊತೆಗೆ ಅತ್ತೆಯನ್ನೋ ಗಂಡನನ್ನೋ ಕರೆದುಕೊಂಡು ಹೋಗಿ, ಡಾಕ್ಟರ್ ಹೇಳಿದ್ದನ್ನು ಅವರೂ ಕೇಳಿಸಿಕೊಳ್ಳಲಿ.