ಕರಾವಳಿಯ ಮದುವೆಗೆ ಯಾವ ಬೊಕೆ? ಮೂರು ಬಗೆಯ ಹೋಲಿಕೆ

ಕಾರವಾರದಲ್ಲಿ ಏಪ್ರಿಲ್-ಮೇ ತಿಂಗಳ ಮದುವೆಗೆ ಬೊಕೆ ಆರಿಸುವಾಗ ಮೊದಲು ಕೇಳಬೇಕಾದದ್ದು, ಮದುಮಗಳು ಅದನ್ನು ಎಷ್ಟು ಹೊತ್ತು ಹಿಡಿಯಬೇಕು ಎಂದು. ಬೆಳಿಗ್ಗೆ ಚರ್ಚ್, ಆಮೇಲೆ ಟಾಗೋರ್ ಬೀಚಿನಲ್ಲಿ ಫೋಟೊ, ಸಂಜೆ ಆರತಕ್ಷತೆ ಎಂದರೆ ಎಂಟು-ಹತ್ತು ತಾಸು. ಈ ಸೆಕೆಯಲ್ಲೇ ಮೂರೂ ಬಗೆಯನ್ನು ಕಟ್ಟಿ ನೋಡಿ ಬರೆದದ್ದು ಇದು.

ಗುಲಾಬಿಯ ಗುಂಡು ಬೊಕೆ ಹಿಡಿಯಲು ಹಗುರ, ಕಟ್ಟಲು ಸುಲಭ. 20–25 ಹೂ ಸಾಕು. ದಂಟುಗಳನ್ನು ಒಂದೇ ದಿಕ್ಕಿಗೆ ಓರೆಯಾಗಿ ಸುತ್ತುತ್ತ ಜೋಡಿಸಿ, ಸೇರುವ ಜಾಗದಲ್ಲಿ ಒದ್ದೆ ಬಾಳೆನಾರಿನಿಂದ ಬಿಗಿಯಬೇಕು. ತಂತಿ ದಂಟನ್ನು ಕೊಯ್ಯುತ್ತದೆ. ಘಟ್ಟ ಇಳಿದು ಬಂದ ಗುಲಾಬಿಯ ತುದಿ ಕತ್ತರಿಸಿ ಇಡೀ ರಾತ್ರಿ ಬಕೆಟ್ ನೀರಿನಲ್ಲಿಡದಿದ್ದರೆ ಮಧ್ಯಾಹ್ನಕ್ಕೇ ಕತ್ತು ಬಾಗುತ್ತದೆ. ಒಂದು ಹೊತ್ತಿನ ಕಾರ್ಯಕ್ರಮಕ್ಕೆ ಇದೇ ಸರಿ.

ಜೋಲುವ ಬೊಕೆ, ಅಂದರೆ ಕ್ಯಾಸ್ಕೇಡ್, ಉದ್ದನೆಯ ಗೌನಿಗೆ ಒಪ್ಪುತ್ತದೆ. ಕೆಲಸ ಕೆಡುವುದೂ ಇದರಲ್ಲೇ ಹೆಚ್ಚು. ಇದರ ಹೂಗಳನ್ನು ಚುಚ್ಚುವುದು ಹಿಡಿಕೆಗೆ ಕೂರಿಸಿದ, ನೀರು ಹೀರುವ ಫೋಮಿಗೆ. ಆ ಫೋಮನ್ನು ನೀರಿನ ಮೇಲಿಟ್ಟು ತಾನಾಗಿ ಮುಳುಗಲು ಬಿಡಬೇಕು. ಒತ್ತಿ ಮುಳುಗಿಸಿದರೆ ಒಳಗೆ ಗಾಳಿ ಉಳಿದು, ಅಲ್ಲಿ ಚುಚ್ಚಿದ ಹೂ ಬಾಡುತ್ತದೆ. ಒಮ್ಮೆ ಚುಚ್ಚಿ ಕಿತ್ತ ತೂತಿಗೆ ಮತ್ತೆ ದಂಟು ಹಾಕಬಾರದು. ನೆನೆದ ಫೋಮ್ ಭಾರ. ಸೊಂಟದ ಮಟ್ಟದಲ್ಲಿ ಹಿಡಿದ ಕೈ ಸೋತಂತೆಲ್ಲ ಬೊಕೆ ಮುಂದಕ್ಕೆ ವಾಲುತ್ತದೆ. ಕಟ್ಟಿದ ಮೇಲೆ ಅರ್ಧ ತಾಸು ನೇತುಹಾಕಿ ನೀರು ಬಸಿಯದಿದ್ದರೆ ರೇಷ್ಮೆಯ ಮೇಲೆ ಕಲೆ ಬೀಳುವುದು ಖಂಡಿತ. ಇಳಿಯುವ ಭಾಗಕ್ಕೆ ಆರ್ಕಿಡ್ ಬದಲು ಅಡಿಕೆಯ ಶಿಂಗಾರ (ಹಾಳೆಯೊಳಗಿನ ಹೂಗೊಂಚಲು) ಬಳಸಿದರೆ ಅದರಷ್ಟು ಚಂದ ಬೇರೆ ಇಲ್ಲ: ಎಸಳು ತಾನಾಗಿ ಜೋಲುತ್ತದೆ, ತಂತಿ ಬೇಡ. ಆದರೆ ಹಾಳೆ ಬಿಡಿಸಿದ್ದು ಅದೇ ದಿನ ಬೆಳಿಗ್ಗೆ ಆಗಿರಬೇಕು; ಹಳೆಯದಾದರೆ ಹೂ ಉದುರಿ ಬಟ್ಟೆಗೆ ಅಂಟುತ್ತದೆ. ಒಂದು ಶಿಂಗಾರ ಕೊಯ್ದರೆ ಒಂದು ಅಡಿಕೆ ಗೊನೆ ಹೋದಂತೆ, ತೋಟದವರನ್ನು ಕೇಳುವಾಗ ಇದು ನೆನಪಿರಲಿ.

ಇಡೀ ದಿನದ ಮದುವೆಗೆ ನಮ್ಮ ಆಯ್ಕೆ ಆಂಥೂರಿಯಂ ಹೂಗಳ ತೋಳಿನ ಬೊಕೆ. ಶಿರಸಿ ಕಡೆಯ ತೋಟಗಳಲ್ಲಿ ಅಡಿಕೆಯ ನೆರಳಿಗೆ ಬೆಳೆಯುವ ಹೂವಿದು. ದಪ್ಪ, ಮೇಣದಂಥ ಮೈ ಇರುವುದರಿಂದ ನೀರಿಲ್ಲದೆಯೂ ಸಂಜೆವರೆಗೆ ಬಾಡದು, ಕಡಲಗಾಳಿಗೆ ಎಸಳು ಹರಿಯದು. 9 ಅಥವಾ 11 ಹೂ, ದಂಟು ಒಂದೂವರೆ ಅಡಿ ಇರಲಿ. ಉದ್ದದ ಹೂ ಹಿಂದೆ, ಗಿಡ್ಡದ್ದು ಮುಂದೆ. ಎರಡು ಕಡೆ ಕಟ್ಟು. ಹಿಂಬದಿಗೆ ಜರಿಗಿಡದ ಎಲೆ. ಮೊಳಕೈ ಮೇಲೆ ಮಲಗಿಸಿ ಹಿಡಿಯುವುದರಿಂದ ಮಣಿಕಟ್ಟಿಗೆ ನೋವಿಲ್ಲ. ಸೀರೆಯಾದರೆ ಹೂವಿನ ತುದಿ ಬಲಕ್ಕಿರಲಿ, ಇಲ್ಲದಿದ್ದರೆ ಎಡಭುಜದ ಸೆರಗಿನ ಪಿನ್ನಿಗೆ ಸಿಕ್ಕುತ್ತದೆ. ಪರಿಮಳ ಇಲ್ಲ ಎಂಬುದೊಂದೇ ಕೊರತೆ. ನಡುವೆ ಎರಡು ಸುಗಂಧರಾಜ ಸೇರಿಸಬಹುದು. ಹಿಂದಿನ ರಾತ್ರಿ ಇದನ್ನು ಫ್ರಿಜ್ಜಿನಲ್ಲಿಡಬೇಡಿ: 12 ಡಿಗ್ರಿಗಿಂತ ಕೆಳಗಿನ ಚಳಿಗೆ ಆಂಥೂರಿಯಂ ಕಪ್ಪಾಗುತ್ತದೆ. ಬಚ್ಚಲುಮನೆಯ ತಂಪಿನಲ್ಲಿ ನೀರಿನ ಬಕೆಟ್ಟೇ ಸಾಕು.