ಕೋಲ್ಟ್ರೇನ್ ಆಲ್ಬಂಗಳಲ್ಲಿ ಮೊದಲು ಯಾವುದನ್ನು ಕೊಳ್ಳೋದು?

ಅಮೆರಿಕದ ಜಾಝ್ ಸ್ಯಾಕ್ಸೊಫೋನ್ ವಾದಕ ಜಾನ್ ಕೋಲ್ಟ್ರೇನ್ ಬದುಕಿದ್ದು ಬರೀ 40 ವರ್ಷ. ತಮ್ಮ ಹೆಸರಿನಲ್ಲಿ ಆಲ್ಬಂ ಮಾಡಲು ಶುರು ಮಾಡಿದ್ದು 1957ರಲ್ಲಿ, ತೀರಿಕೊಂಡಿದ್ದು 1967ರ ಜುಲೈನಲ್ಲಿ. ಆ ಹತ್ತು ವರ್ಷದಲ್ಲಿ ನುಡಿಸಿದ್ದು ಎಷ್ಟು ಅಂದರೆ, 1963ರ ಒಂದು ಟೇಪು 2018ರಲ್ಲಿ ಹೊಸ ಆಲ್ಬಂ ಆಗಿ ಹೊರಬಂತು. ಸ್ಟ್ರೀಮಿಂಗ್‌ನಲ್ಲಿ ಸುಮ್ನೆ ಕೇಳುವವರಿಗೆ ಇದೇನೂ ತೊಂದರೆ ಅಲ್ಲ. ಆದರೆ ಎಲ್‌ಪಿಯನ್ನೋ ಸಿಡಿಯನ್ನೋ ದುಡ್ಡು ಕೊಟ್ಟು ತರುವವರು, ಅದರಲ್ಲೂ ಹೊರದೇಶದಿಂದ ತರಿಸುವವರು, ಸ್ವಲ್ಪ ಯೋಚನೆ ಮಾಡಲೇಬೇಕು.

ಯಾರನ್ನು ಕೇಳಿದರೂ ಬರುವ ಹೆಸರು ನಾಲ್ಕು: ಬ್ಲೂ ಟ್ರೇನ್, ಜೈಂಟ್ ಸ್ಟೆಪ್ಸ್, ಮೈ ಫೇವರಿಟ್ ಥಿಂಗ್ಸ್, ಎ ಲವ್ ಸುಪ್ರೀಮ್. ನಾಲ್ಕೂ ನನ್ನ ಹತ್ತಿರ ಇವೆ, ನಾಲ್ಕನ್ನೂ ಚೆನ್ನಾಗಿ ಸವೆಸಿದ್ದೇನೆ. ಆದರೆ ಕೊಳ್ಳುವ ಕ್ರಮದಲ್ಲಿ ನಾಲ್ಕಕ್ಕೂ ಒಂದೇ ಜಾಗ ಇಲ್ಲ.

ಬ್ಲೂ ಟ್ರೇನ್ (1957ರ ಸೆಪ್ಟೆಂಬರ್‌ನಲ್ಲಿ ರೆಕಾರ್ಡ್ ಆದದ್ದು) ಯಾರಿಗೂ ಬೇಡ ಅನ್ನಿಸುವಂಥದ್ದಲ್ಲ. ಸ್ಯಾಕ್ಸೊಫೋನ್, ಟ್ರಂಪೆಟ್, ಟ್ರೊಂಬೋನ್ ಮೂರೂ ಒಟ್ಟಿಗೆ ಪಲ್ಲವಿ ಹಿಡಿದರೆ ಕಾಲು ತಾನಾಗಿ ತಾಳ ಹಾಕುತ್ತದೆ. ನನ್ನ ತಕರಾರು ಒಂದೇ. ಇಲ್ಲಿ ಕೋಲ್ಟ್ರೇನ್ ಒಳ್ಳೆಯವರ ನಡುವೆ ಒಬ್ಬ ಒಳ್ಳೆಯ ವಾದಕ, ಅಷ್ಟೇ. ಹತ್ತೊಂಬತ್ತರ ಹುಡುಗ ಲೀ ಮಾರ್ಗನ್ ಟ್ರಂಪೆಟ್ ಎತ್ತಿದಾಗ ಕಿವಿ ಪೂರ್ತಿ ಅವನ ಕಡೆಗೇ ಹೋಗುತ್ತದೆ. ಕೋಲ್ಟ್ರೇನ್ ಅಂದರೆ ಏನು ಅಂತ ತಿಳಿಯೋಕೆ ಇದೊಂದೇ ಸಾಲದು.

ಜೈಂಟ್ ಸ್ಟೆಪ್ಸ್ (1960) ಇದಕ್ಕೆ ತದ್ವಿರುದ್ಧ. ಶೀರ್ಷಿಕೆಯ ಟ್ಯೂನ್‌ನಲ್ಲಿ ಶ್ರುತಿಯ ನೆಲೆ ಒಂದಲ್ಲ, ಮೂರು. ಕಣ್ಣು ಮುಚ್ಚಿ ತೆಗೆಯುವಷ್ಟರಲ್ಲಿ ಒಂದರಿಂದ ಇನ್ನೊಂದಕ್ಕೆ ಜಿಗಿಯುತ್ತದೆ. ಪಿಯಾನೊದಲ್ಲಿದ್ದ ಟಾಮಿ ಫ್ಲಾನಗನ್ ಸಾಮಾನ್ಯರಲ್ಲ. ಆದರೂ ಅವರ ಸರದಿ ಬಂದಾಗ ಗಮನಿಸಿ: ಮೊದಲು ಸರಾಗವಾಗಿ ಹೊರಡುತ್ತಾರೆ, ಆಮೇಲೆ ವಾಕ್ಯ ತುಂಡಾಗುತ್ತದೆ, ಕೊನೆಗೆ ಬರೀ ಕಾರ್ಡ್‌ಗಳನ್ನು (ಒಟ್ಟಿಗೆ ನುಡಿಸುವ ಸ್ವರಗುಚ್ಛಗಳನ್ನು) ಒತ್ತಿ ಸುಧಾರಿಸಿಕೊಳ್ಳುತ್ತಾರೆ. ಹಿಂದೆಯೇ ಕೋಲ್ಟ್ರೇನ್ ಏನೂ ಆಗಿಲ್ಲವೆಂಬಂತೆ ಮತ್ತೆ ನುಗ್ಗುತ್ತಾರೆ. ವಾದ್ಯ ನುಡಿಸುವವರಿಗೆ ಇದು ಹಬ್ಬ. ಉಳಿದವರಿಗೆ ಮೊದಲ ಸಲ ಗಡಿಬಿಡಿ ಅನ್ನಿಸಿದರೆ ತಪ್ಪಿಲ್ಲ. ಆಗಿನ ಹೆಂಡತಿಯ ಹೆಸರಿಟ್ಟು ಮಾಡಿದ 'ನೈಮಾ' ಮಾತ್ರ ನಿಧಾನದ್ದು, ಯಾರಿಗಾದರೂ ಹಿಡಿಸುತ್ತದೆ. ಆದರೆ ಒಂದು ನೈಮಾಗೋಸ್ಕರ ಇದನ್ನೇ ಮೊದಲು ಕೊಳ್ಳಿ ಅನ್ನಲಾರೆ.

ನನ್ನ ಓಟು ಮೈ ಫೇವರಿಟ್ ಥಿಂಗ್ಸ್‌ಗೆ (1961). ಕರ್ನಾಟಕ ಸಂಗೀತವನ್ನೋ ಹಿಂದೂಸ್ತಾನಿಯನ್ನೋ ಕೇಳಿ ಬೆಳೆದ ಕಿವಿಗಂತೂ ಇದೇ ಸರಿಯಾದ ಬಾಗಿಲು. ಶೀರ್ಷಿಕೆಯ ಹಾಡು ದಿ ಸೌಂಡ್ ಆಫ್ ಮ್ಯೂಸಿಕ್‌ನದು. ನಮಗೆಲ್ಲ ಗೊತ್ತಿರುವುದು ಸಿನಿಮಾದಿಂದ, ಆದರೆ ಇವರು ಇದನ್ನು 1960ರಲ್ಲೇ ನುಡಿಸಿದರು. ಆಗ ಅದಿನ್ನೂ ರಂಗದ ಮೇಲಿನ ನಾಟಕ, ಸಿನಿಮಾ ಬಂದಿದ್ದು 1965ರಲ್ಲಿ. ಪುಟ್ಟ ಹಾಡನ್ನು ಹದಿಮೂರು ನಿಮಿಷ ದಾಟಿಸಿ ಬೆಳೆಸುತ್ತಾರೆ. ಮೆಕಾಯ್ ಟೈನರ್ ಪಿಯಾನೊದಲ್ಲಿ ಎರಡೇ ಕಾರ್ಡ್ ಹಿಡಿದು ತೂಗುತ್ತಾ ಇರುತ್ತಾರೆ, ಬೇಸ್ (ತಗ್ಗು ಸ್ವರದ ದೊಡ್ಡ ತಂತಿವಾದ್ಯ) ಕೆಳಗಿನ ಸ್ವರ ಬಿಡುವುದಿಲ್ಲ, ಎಲ್ವಿನ್ ಜೋನ್ಸ್‌ರ ಡ್ರಮ್ಸ್ ಮೂರರ ನಡೆಯಲ್ಲಿ ಸುತ್ತುತ್ತದೆ. ಮೇಲೆ ಕೋಲ್ಟ್ರೇನ್ ಅವಸರವಿಲ್ಲದೆ ಬಿಡಿಸುತ್ತಾ ಹೋಗುತ್ತಾರೆ. ಕಾರ್ಡ್ ಲೆಕ್ಕ ಗೊತ್ತಿರಬೇಕಿಲ್ಲ, ಒಂದು ಆಧಾರದ ಮೇಲೆ ಮನೋಧರ್ಮ ಕೇಳೋದು ನಮಗೆ ಹೊಸದೇನಲ್ಲ, ಅಲ್ವಾ? ಇಲ್ಲಿ ಹಿಡಿದಿರುವುದೂ ಏರು ಶ್ರುತಿಯ ಸೊಪ್ರಾನೊ ಸ್ಯಾಕ್ಸೊಫೋನ್. ಮೂಗಿನಿಂದ ಬಂದಂಥ ನಾದ. ಅಡುಗೆಮನೆಯಲ್ಲಿದ್ದ ಅಮ್ಮ, "ಇದ್ಯಾವ ಊರಿನ ಓಲಗ?" ಅಂತ ಕೇಳಿದ್ದರು.

ಹಾಗಂತ ಕೋಲ್ಟ್ರೇನ್ ರಾಗ ನುಡಿಸಿದರು ಅಂದುಕೊಳ್ಳಬೇಡಿ. ರವಿಶಂಕರ್ ಸಂಗೀತದ ಮೇಲೆ ಅವರಿಗೆ ತುಂಬಾ ಗೌರವ ಇತ್ತು, 1965ರಲ್ಲಿ ಹುಟ್ಟಿದ ಮಗನಿಗೆ ರವಿ ಅಂತಲೇ ಹೆಸರಿಟ್ಟರು. 'ಇಂಡಿಯಾ' ಅನ್ನುವ ಟ್ಯೂನ್ ಇದೆ ಅಂತ ಇಂಪ್ರೆಶನ್ಸ್ (1963) ಆಲ್ಬಂ ಹುಡುಕುವವರು ನಮ್ಮಲ್ಲಿ ಜಾಸ್ತಿ. ಎರಡೆರಡು ಬೇಸ್, ಜೊತೆಗೆ ಎರಿಕ್ ಡಾಲ್ಫಿಯ ಬೇಸ್ ಕ್ಲಾರಿನೆಟ್, ಒಳ್ಳೇ ಬಿಸಿಯಾದ ಸಂಗೀತ. ಅದಕ್ಕೆ ಮೂರನೇ ಜಾಗವೋ ನಾಲ್ಕನೇದೋ ಇರಲಿ.

ಎರಡನೇದು ಎ ಲವ್ ಸುಪ್ರೀಮ್. 1964ರ ಡಿಸೆಂಬರ್ 9ರಂದು ರೆಕಾರ್ಡ್ ಮಾಡಿದ್ದು, ನಾಲ್ಕು ಭಾಗ, ಒಟ್ಟು ಸುಮಾರು 33 ನಿಮಿಷ. ಅದೇ ಮೊದಲನೇದು ಆಗಬೇಕು ಅನ್ನುವವರ ಜೊತೆ ನಾನು ಜಗಳ ಆಡಲ್ಲ. ಆದರೆ ಟೈನರ್, ಎಲ್ವಿನ್ ಇಬ್ಬರ ರೀತಿ ಮೊದಲೇ ಪರಿಚಯ ಆಗಿದ್ದರೆ ಇದು ಇನ್ನೂ ಚೆನ್ನಾಗಿ ತೆರೆದುಕೊಳ್ಳುತ್ತದೆ. ಶುರುವಿನಲ್ಲಿ ಜಿಮ್ಮಿ ಗ್ಯಾರಿಸನ್ ಬೇಸ್‌ನಲ್ಲಿ ಹಿಡಿಯುವ ನಾಲ್ಕು ಸ್ವರದ ಎಳೆ ನೆನಪಿಟ್ಟುಕೊಳ್ಳಿ. ಕೋಲ್ಟ್ರೇನ್ ಅದನ್ನೇ ಹನ್ನೆರಡು ಶ್ರುತಿಗಳಿಗೂ ಒಯ್ದು, ಆಮೇಲೆ ಬಾಯಲ್ಲೇ ಜಪಿಸುತ್ತಾರೆ. ಕೊನೆಯ ಭಾಗ 'ಸಾಮ್' (Psalm, ಅಂದರೆ ಸ್ತೋತ್ರ) ಕೇಳುವಾಗ ಕವರ್ ಕೈಯಲ್ಲಿರಲಿ. ಒಳಗೆ ಅವರೇ ಬರೆದ ಪ್ರಾರ್ಥನೆ ಅಚ್ಚಾಗಿದೆ. ಸಾಲಿನ ಮೇಲೆ ಬೆರಳಿಟ್ಟು ಕೇಳಿದರೆ ಗೊತ್ತಾಗುತ್ತದೆ, ಸ್ಯಾಕ್ಸೊಫೋನ್ ಆ ಮಾತುಗಳನ್ನೇ ಅಕ್ಷರ ಅಕ್ಷರವಾಗಿ ನುಡಿಯುತ್ತಿದೆ. ನಮ್ಮ ಪಿಟೀಲಿನವರು ಕೀರ್ತನೆಯ ಸಾಹಿತ್ಯ ನುಡಿಸುವುದಿಲ್ಲವೇ, ಹಾಗೆ. ಡಿಸ್ಕನ್ನೇ ಕೊಳ್ಳಿ ಅಂತ ನಾನು ಹಠ ಹಿಡಿಯುವುದು ಇದೊಂದಕ್ಕೆ ಮಾತ್ರ.

ಬ್ಯಾಲಡ್ಸ್ (1963) ಬಗ್ಗೆ ಜಾಸ್ತಿ ಹೇಳೋದಿಲ್ಲ. ರಾತ್ರಿ ಊಟ ಆದ ಮೇಲೆ ಹಾಕಿಕೊಳ್ಳಲು ಅದಕ್ಕಿಂತ ಮೃದುವಾದದ್ದು ಇವರಲ್ಲಿ ಸಿಗೋದಿಲ್ಲ. ಅಸೆನ್ಶನ್ ಅದರ ಇನ್ನೊಂದು ತುದಿ. 1965ರ ಜೂನ್‌ನಲ್ಲಿ ಹನ್ನೊಂದು ಜನ ಸೇರಿ ಸುಮಾರು ನಲವತ್ತು ನಿಮಿಷ ಬಿಡುವಿಲ್ಲದೆ ನುಡಿಸಿದ ಬಿರುಗಾಳಿ. ಕೊಳ್ಳುವ ಮುಂಚೆ ಐದು ನಿಮಿಷವಾದರೂ ಕೇಳಿ ನೋಡಿ.

ಇನ್ನು ಪ್ರೆಸ್ಟೀಜ್ ಲೇಬಲ್‌ನ, ಅಂದರೆ ಆ ಹೆಸರಿನ ರೆಕಾರ್ಡ್ ಕಂಪನಿಯ, ಆಲ್ಬಂಗಳು. ಕೋಲ್ಟ್ರೇನ್ ಅಲ್ಲಿ 1958ರವರೆಗೆ ರೆಕಾರ್ಡ್ ಮಾಡಿದರು. ಅವರು ಬಿಟ್ಟುಹೋದ ಮೇಲೂ ಉಳಿದ ಟೇಪುಗಳನ್ನು ಲೇಬಲ್‌ನವರು ವರ್ಷಗಟ್ಟಲೆ ಒಂದೊಂದಾಗಿ ಬಿಡುಗಡೆ ಮಾಡುತ್ತಾ ಹೋದರು. ಹಾಗಾಗಿ 1961ರ ಲಷ್ ಲೈಫ್‌ನಲ್ಲಿ ಮೈ ಫೇವರಿಟ್ ಥಿಂಗ್ಸ್‌ನ ಕೋಲ್ಟ್ರೇನ್ ಸಿಗುವುದಿಲ್ಲ, ಅದಕ್ಕಿಂತ ಮೂರ್ನಾಲ್ಕು ವರ್ಷ ಹಿಂದಿನವರು ಸಿಗುತ್ತಾರೆ. ಆಲ್ಬಂ ಚೆನ್ನಾಗಿಯೇ ಇದೆ. ಆದರೂ ದುಡ್ಡು ಕೊಡುವ ಮುಂಚೆ ಕವರ್ ತಿರುಗಿಸಿ, ಬಿಡುಗಡೆಯ ವರ್ಷ ಬಿಟ್ಟು ರೆಕಾರ್ಡ್ ಆದ ತಾರೀಖು ನೋಡಿ.